ಸಚಿವರು ವಿಮಾನ ಹತ್ತುವ ಮುನ್ನ

ಎಸ್.ಎಂ. ಕೃಷ್ಣ ಅವರು ವಿದೇಶಾಂಗ ಸಚಿವರಾಗಿದ್ದ ದಿನಗಳ ಮಾತು ಬಂದರೆ ನಮ್ಮಲ್ಲಿ ಹೆಚ್ಚಿನವರು ಮೊದಲು ಎತ್ತುವುದು ನ್ಯೂಯಾರ್ಕಿನ ಪ್ರಸಂಗವನ್ನೇ. 2011ರ ಫೆಬ್ರುವರಿ 11. ವಿಶ್ವಸಂಸ್ಥೆಯ ಭದ್ರತಾ ಮಂಡಳಿಯಲ್ಲಿ ಭದ್ರತೆಗೂ ಅಭಿವೃದ್ಧಿಗೂ ಇರುವ ನಂಟಿನ ಕುರಿತು ಚರ್ಚೆ. ಭಾರತ ಆ ವರ್ಷದ ಜನವರಿಯಲ್ಲಷ್ಟೇ ಮಂಡಳಿಯ ತಾತ್ಕಾಲಿಕ ಸದಸ್ಯನಾಗಿತ್ತು; ಪೋರ್ಚುಗಲ್ ಕೂಡ. ಆ ತಿಂಗಳ ಅಧ್ಯಕ್ಷತೆ ಬ್ರೆಜಿಲ್‌ನದು. ತಮ್ಮ ಸರದಿ ಬಂದಾಗ ಕೃಷ್ಣ ಮುಂದಿದ್ದ ಕಾಗದಗಳಲ್ಲಿ ಒಂದನ್ನು ಎತ್ತಿಕೊಂಡು ಓದತೊಡಗಿದರು. ಅದು ಪೋರ್ಚುಗಲ್ಲಿನ ವಿದೇಶಾಂಗ ಸಚಿವರ ಭಾಷಣವಾಗಿತ್ತು.

ಮೊದಲ ಸಾಲುಗಳು ಯಾವ ದೇಶದವರೂ ಹೇಳಬಹುದಾದ ಮಾತುಗಳಾಗಿದ್ದುದರಿಂದ ಯಾರಿಗೂ ತಕ್ಷಣ ಅನುಮಾನ ಬರಲಿಲ್ಲ. ಪೋರ್ಚುಗೀಸ್ ಮಾತನಾಡುವ ಎರಡು ದೇಶಗಳು ಇಂದು ಇಲ್ಲಿ ಜೊತೆಗೂಡಿರುವುದು ಸಂತೋಷ ಎಂಬರ್ಥದ ಸಾಲು ಬಂದಾಗ ಕೇಳುತ್ತಿದ್ದವರು ತಲೆ ಎತ್ತಿದರು. ಸುಮಾರು ಮೂರು ನಿಮಿಷ ಕಳೆದ ಮೇಲೆ ಭಾರತದ ಕಾಯಂ ಪ್ರತಿನಿಧಿ ಹರ್ದೀಪ್ ಸಿಂಗ್ ಪುರಿ ಸರಿಯಾದ ಪ್ರತಿಯನ್ನು ತೋರಿಸಿದರು. ಕೃಷ್ಣ ಮೊದಲಿನಿಂದ ಶುರು ಮಾಡಿದರು. ಎದುರಿಗೆ ಅನೇಕ ಕಾಗದಗಳು ಹರಡಿದ್ದವು, ತಪ್ಪಿ ಬೇರೆಯದು ಕೈಗೆ ಬಂತು ಎಂದು ಆಮೇಲೆ ಅವರೇ ವಿವರಿಸಿದರು.

ಅದು ತಪ್ಪೇ. ಆದರೆ ಅದಕ್ಕೆ ಸಿಕ್ಕಷ್ಟು ಪ್ರಚಾರಕ್ಕೆ ತಕ್ಕ ತೂಕ ಅದಕ್ಕಿರಲಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಭದ್ರತಾ ಮಂಡಳಿಯಲ್ಲಿ ಒಬ್ಬರು ಮಾತನಾಡುತ್ತಿರುವಾಗ ಅವರ ಭಾಷಣದ ಪ್ರತಿಗಳನ್ನು ಉಳಿದವರಿಗೆ ಹಂಚುವ ರೂಢಿಯಿದೆ. ಮೇಜಿನ ಮೇಲೆ ಪರರ ಕಾಗದ ಬಂದು ಬೀಳುವುದು ಅಲ್ಲಿ ನಿತ್ಯದ ಸಂಗತಿ. ಸಚಿವರ ಪ್ರತಿಯನ್ನು ಬೇರೆಯದೇ ಫೋಲ್ಡರಿನಲ್ಲಿ, ಹಿಂದಿನ ಸಾಲಿನ ಅಧಿಕಾರಿಯ ಕೈಯಲ್ಲಿಟ್ಟು, ಸರದಿ ಬರುವ ಮುನ್ನ ಮುಂದಿಟ್ಟಿದ್ದರೆ ತೀರುತ್ತಿತ್ತು. ಮೂರು ನಿಮಿಷದಲ್ಲಿ ಆದ ತಪ್ಪು ನಾಲ್ಕನೆಯ ನಿಮಿಷದಲ್ಲಿ ಸರಿಯಾಯಿತು. ಭಾರತದ ನಿಲುವು ಕಡತದಲ್ಲಿ ಸರಿಯಾಗಿಯೇ ದಾಖಲಾಯಿತು.

ಸಚಿವರೊಬ್ಬರನ್ನು ಪರದೇಶದ ಮಾತುಕತೆಗೆ ಸಜ್ಜುಗೊಳಿಸುವುದೆಂದರೇನು ಎಂದು ತಿಳಿಯಬೇಕಾದರೆ ನೋಡಬೇಕಾದ್ದು ಅದಕ್ಕೂ ಏಳು ತಿಂಗಳ ಹಿಂದಿನ, ಇಸ್ಲಾಮಾಬಾದಿನ ಒಂದು ದಿನವನ್ನು. 2010ರ ಜುಲೈ 15. ಅಂದು ಕೃಷ್ಣ ಅವರ ಕೈಯಲ್ಲಿದ್ದ ಕಾಗದಗಳೆಲ್ಲ ಸರಿಯಾಗಿಯೇ ಇದ್ದವು.

ಅಲ್ಲಿಗೆ ಹೋಗುವ ಮೊದಲು ಆ ಕಾಗದಗಳು ಹೇಗೆ ತಯಾರಾಗುತ್ತವೆ ಎಂಬುದನ್ನು ಹೇಳಬೇಕು. ಓದುಗರಿಗೆ ಕಾಣುವುದು ವಿಮಾನದ ಮೆಟ್ಟಿಲು, ಹೂಗುಚ್ಛ, ಎರಡು ಧ್ವಜಗಳ ನಡುವೆ ಕೈಕುಲುಕುವ ಚಿತ್ರ. ಅದರ ಹಿಂದಿನ ದುಡಿಮೆಯಲ್ಲಿ ಹೆಸರಿಲ್ಲದವರ ಪಾಲು ದೊಡ್ಡದು.

ವಿದೇಶಾಂಗ ಸಚಿವಾಲಯದಲ್ಲಿ ದೇಶಗಳನ್ನು ಗುಂಪು ಮಾಡಿ ವಿಭಾಗಗಳಿಗೆ ಹಂಚಿದ್ದಾರೆ. ಪಾಕಿಸ್ತಾನ, ಅಫ್ಘಾನಿಸ್ತಾನ, ಇರಾನ್ ಒಂದು ವಿಭಾಗ. ಚೀನಾ, ಜಪಾನ್, ಕೊರಿಯಾಗಳ ಪೂರ್ವ ಏಷ್ಯಾ ಇನ್ನೊಂದು. ಪ್ರತಿ ವಿಭಾಗಕ್ಕೂ ಜಂಟಿ ಕಾರ್ಯದರ್ಶಿ, ಅವರ ಕೆಳಗೆ ನಿರ್ದೇಶಕರು, ಅವರ ಕೆಳಗೆ ಆಯಾ ದೇಶದ ಡೆಸ್ಕ್ ನೋಡುವ ಕಿರಿಯ ಅಧಿಕಾರಿ. ಭೇಟಿ ನಿಶ್ಚಯವಾದೊಡನೆ ಕೆಲಸ ಶುರುವಾಗುವುದು ಈ ಕಿರಿಯ ಅಧಿಕಾರಿಯ ಮೇಜಿನಿಂದ. ಆತ ಅಥವಾ ಆಕೆ ಗೃಹ, ವಾಣಿಜ್ಯ, ರಕ್ಷಣೆ, ಜಲಶಕ್ತಿ, ಹೀಗೆ ಸಂಬಂಧಪಟ್ಟ ಸಚಿವಾಲಯಗಳಿಗೆಲ್ಲ ಬರೆದು ಅವರವರ ಬಾಕಿ ವಿಷಯಗಳನ್ನು ತರಿಸಿಕೊಳ್ಳಬೇಕು. ಆ ಊರಿನ ನಮ್ಮ ದೂತಾವಾಸದಿಂದ ಎದುರಾಳಿ ಸಚಿವರ ಪರಿಚಯ ಬರುತ್ತದೆ: ಯಾವ ಪಕ್ಷ, ಯಾವ ಪ್ರಾಂತ, ತಮ್ಮ ಪ್ರಧಾನಿಗೆ ಎಷ್ಟು ಹತ್ತಿರ, ಯಾವ ವಿಷಯದಲ್ಲಿ ಬೇಗ ಕೆರಳುತ್ತಾರೆ, ಮಾತನ್ನು ಕಾಗದ ನೋಡಿ ಆಡುತ್ತಾರೋ ಮನಸ್ಸಿನಿಂದ ಆಡುತ್ತಾರೋ. ಎಲ್ಲವೂ ಸೇರಿ ದಪ್ಪ ಫೋಲ್ಡರ್ ಆಗುತ್ತದೆ. ದಿಲ್ಲಿಯ ಮಾತಿನಲ್ಲಿ ಅದೇ ‘ಬ್ರೀಫ್’.

ಬ್ರೀಫಿನ ತಿರುಳು ಮಾತಿನ ಟಿಪ್ಪಣಿಗಳು, ಎಂದರೆ ಟಾಕಿಂಗ್ ಪಾಯಿಂಟ್ಸ್. ಅವುಗಳನ್ನು ಅನುಭವಿಗಳು ಬೇರೆಬೇರೆ ಕಟ್ಟು ಮಾಡುತ್ತಾರೆ. ನಾವೇ ಮೊದಲು ಎತ್ತಬೇಕಾದವು ಒಂದು ಕಡೆ. ಅವರು ಎತ್ತಿದರೆ ಮಾತ್ರ ಹೇಳಬೇಕಾದವು ಇನ್ನೊಂದು ಕಡೆ. ಈ ಎರಡನೆಯ ಕಟ್ಟಿನಲ್ಲೇ ಅಧಿಕಾರಿಯ ಕಸುಬು ಗೊತ್ತಾಗುವುದು. ಎದುರಿನವರು ಏನು ಕೇಳಬಹುದು ಎಂದು ಅವರ ಜಾಗದಲ್ಲಿ ಕೂತು ಯೋಚಿಸದೆ ಅದನ್ನು ಬರೆಯಲು ಬರುವುದಿಲ್ಲ. ಸಿಂಧೂ ನದಿಯ ನೀರಿನ ಪ್ರಶ್ನೆ ಬಂದರೆ ಯಾವ ಅಣೆಕಟ್ಟಿನ ವಿಷಯ ಯಾವ ಹಂತದಲ್ಲಿದೆ, ಮೀನುಗಾರರ ಬಿಡುಗಡೆಯ ಪ್ರಶ್ನೆ ಬಂದರೆ ಎರಡೂ ಕಡೆಯ ಜೈಲುಗಳಲ್ಲಿ ಎಷ್ಟು ಮಂದಿ ಇದ್ದಾರೆ, ಎಲ್ಲಕ್ಕೂ ಎರಡು ಸಾಲಿನ ಉತ್ತರ ಸಿದ್ಧವಿರಬೇಕು. ಸಚಿವರಿಗೆ ಮೂರನೆಯ ಸಾಲು ಓದುವಷ್ಟು ಪುರಸೊತ್ತು ಇರುವುದಿಲ್ಲ.

ಇದರ ಜೊತೆಗೆ ನಿಮಿಷ ನಿಮಿಷದ ಕಾರ್ಯಕ್ರಮ ಪಟ್ಟಿ. ಯಾವ ಕಾರಿನಲ್ಲಿ ಯಾರು, ಊಟದ ಮೇಜಿನಲ್ಲಿ ಯಾರ ಪಕ್ಕ ಯಾರು, ಇಬ್ಬರೇ ಸಚಿವರ ಸಭೆ ಎಷ್ಟು ಹೊತ್ತು, ನಿಯೋಗಗಳ ಸಭೆ ಎಷ್ಟು ಹೊತ್ತು, ನೋಟ್ ಬರೆದುಕೊಳ್ಳುವ ಅಧಿಕಾರಿ ಯಾರು. ಕೊಡುವ ಉಡುಗೊರೆ ಪ್ರೋಟೋಕಾಲ್ ವಿಭಾಗದ ಹೊಣೆ. ಪಡೆದ ಉಡುಗೊರೆಯ ಲೆಕ್ಕವನ್ನು ಸಚಿವರು ಮರಳಿದ ಮೇಲೆ ಸರ್ಕಾರದ ಉಡುಗೊರೆ ಭಂಡಾರವಾದ ತೋಶಖಾನೆಗೆ ಒಪ್ಪಿಸಬೇಕು. 5,000 ರೂಪಾಯಿಗಿಂತ ಹೆಚ್ಚು ಬೆಲೆಯದನ್ನು ಸುಮ್ಮನೆ ಮನೆಗೆ ಒಯ್ಯುವಂತಿಲ್ಲ.

ಭಾಷೆ ಬೇರೆಯಾದರೆ ದುಭಾಷಿಯ ಲೆಕ್ಕವನ್ನೂ ಸೇರಿಸಬೇಕು. ಒಂದು ಗಂಟೆಯ ಸಭೆಯಲ್ಲಿ ಪ್ರತಿ ಮಾತನ್ನೂ ಇನ್ನೊಂದು ಭಾಷೆಯಲ್ಲಿ ಮತ್ತೆ ಹೇಳುವಾಗ ಅರ್ಧ ಗಂಟೆ ಅದಕ್ಕೇ ಹೋಗುತ್ತದೆ. ಉಳಿದ ಅರ್ಧ ಗಂಟೆ ಇಬ್ಬರಿಗೆ. ಎಂದರೆ ನಮ್ಮ ಸಚಿವರ ಪಾಲಿಗೆ ಬರುವುದು ಹದಿನೈದು ನಿಮಿಷ. ಇಪ್ಪತ್ತು ವಿಷಯಗಳಿರುವ ಬ್ರೀಫ್ ಹಿಡಿದು ಹೋದವರು ಹದಿನೈದು ನಿಮಿಷದಲ್ಲಿ ಏನನ್ನೂ ಹೇಳದೆ ಬರುತ್ತಾರೆ. ಯಾವ ಮೂರು ವಿಷಯ ಎಂದು ನಿರ್ಧರಿಸುವುದು ವಿಮಾನ ಹತ್ತುವ ಮುನ್ನವೇ ಮುಗಿಯಬೇಕಾದ ಕೆಲಸ. 1977ರ ಅಕ್ಟೋಬರ್ 4ರಂದು ಆಗಿನ ವಿದೇಶಾಂಗ ಸಚಿವ ಅಟಲ್ ಬಿಹಾರಿ ವಾಜಪೇಯಿ ಅವರು ವಿಶ್ವಸಂಸ್ಥೆಯ ಮಹಾಸಭೆಯಲ್ಲಿ ಹಿಂದಿಯಲ್ಲಿ ಮಾತನಾಡಿದ್ದನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಅಧಿಕೃತವಲ್ಲದ ಭಾಷೆಯಲ್ಲಿ ಮಾತನಾಡುವವರು ಅನುವಾದದ ಏರ್ಪಾಡನ್ನು ತಾವೇ ಮಾಡಿಕೊಳ್ಳಬೇಕು ಎಂಬುದು ಅಲ್ಲಿನ ನಿಯಮ. ಆ ಭಾಷಣದ ಹಿಂದೆಯೂ ಅಂಥ ಏರ್ಪಾಡಿನ ದುಡಿಮೆ ಇತ್ತು.

ಬೇರೆ ಖಾತೆಯ ಸಚಿವರಿಗೆ ಇನ್ನಷ್ಟು ಬಾಗಿಲುಗಳನ್ನು ದಾಟುವುದಿದೆ. ಅಂತರರಾಷ್ಟ್ರೀಯ ಕಾನೂನಿನ ಪ್ರಕಾರ ರಾಷ್ಟ್ರದ ಮುಖ್ಯಸ್ಥರು, ಸರ್ಕಾರದ ಮುಖ್ಯಸ್ಥರು ಮತ್ತು ವಿದೇಶಾಂಗ ಸಚಿವರು ಮಾತ್ರ ತಮ್ಮ ಹುದ್ದೆಯ ಬಲದಿಂದಲೇ ಒಪ್ಪಂದಕ್ಕೆ ಸಹಿ ಹಾಕಬಲ್ಲರು. ಕೃಷಿ ಸಚಿವರೋ ರೈಲ್ವೆ ಸಚಿವರೋ ಹಾಕಬೇಕಾದರೆ ದೇಶದ ಪರವಾಗಿ ಅಧಿಕಾರ ಕೊಡುವ ಪತ್ರ ಬೇಕಾಗುವುದು ರೂಢಿ. ವಿಧಾನಸೌಧದಿಂದ ಹೊರಡುವ ನಮ್ಮ ರಾಜ್ಯದ ಸಚಿವರೂ ಅಧಿಕೃತ ಪ್ರವಾಸಕ್ಕೆ ದಿಲ್ಲಿಯ ವಿದೇಶಾಂಗ ಸಚಿವಾಲಯದಿಂದ ರಾಜಕೀಯ ಅನುಮತಿ ಪಡೆಯಬೇಕು. ಪರದೇಶದವರ ಆತಿಥ್ಯ ಸ್ವೀಕರಿಸುವುದಾದರೆ ಗೃಹ ಸಚಿವಾಲಯದ ಒಪ್ಪಿಗೆಯೂ ಬೇಕು. ಇದನ್ನು ಬರಿಯ ಕಡತದ ಕಿರಿಕಿರಿ ಎಂದು ಎಣಿಸುವವರಿದ್ದಾರೆ. ಎದುರಿಗೆ ಕೂತ ದೇಶಕ್ಕೆ ಬೆಂಗಳೂರು, ದಿಲ್ಲಿ ಎಂಬ ಭೇದವಿಲ್ಲ. ಆಡಿದ ಮಾತು ಭಾರತದ್ದೆಂದೇ ಅವರು ಬರೆದುಕೊಳ್ಳುತ್ತಾರೆ. ಅನುಮತಿಯ ಈ ಏರ್ಪಾಡು ನಿಂತಿರುವುದು ಆ ಕಾರಣಕ್ಕೆ.

ಈಗ ಇಸ್ಲಾಮಾಬಾದ್.

ಮುಂಬೈ ದಾಳಿಯಾದ 2008ರ ನವೆಂಬರ್ ನಂತರ ಭಾರತ, ಪಾಕಿಸ್ತಾನಗಳ ಮಾತುಕತೆ ನಿಂತುಹೋಗಿತ್ತು. 2009ರ ಜುಲೈನಲ್ಲಿ ಈಜಿಪ್ಟಿನ ಶರ್ಮ್ ಅಲ್ ಶೇಖ್‌ನಲ್ಲಿ ಪ್ರಧಾನಿಗಳಾದ ಮನಮೋಹನ ಸಿಂಗ್ ಮತ್ತು ಯೂಸುಫ್ ರಜಾ ಗಿಲಾನಿ ಭೇಟಿಯಾಗಿ ಹೊರಡಿಸಿದ ಜಂಟಿ ಹೇಳಿಕೆ ದಿಲ್ಲಿಯಲ್ಲಿ ದೊಡ್ಡ ಗದ್ದಲವೆಬ್ಬಿಸಿತು. ಭಯೋತ್ಪಾದನೆ ವಿರುದ್ಧದ ಕ್ರಮವನ್ನು ಸಮಗ್ರ ಮಾತುಕತೆಯೊಂದಿಗೆ ತಳುಕು ಹಾಕಬಾರದು ಎಂಬ ವಾಕ್ಯ, ಬಲೂಚಿಸ್ತಾನದ ಉಲ್ಲೇಖ, ಈ ಎರಡು ಸಾಲುಗಳಿಗಾಗಿ ಸರ್ಕಾರ ಸಂಸತ್ತಿನಲ್ಲಿ ದಿನಗಟ್ಟಲೆ ಉತ್ತರ ಕೊಡಬೇಕಾಯಿತು. ಜಂಟಿ ಹೇಳಿಕೆಯ ಕರಡನ್ನು ಸಾಮಾನ್ಯವಾಗಿ ಭೇಟಿಗೆ ಮುಂಚೆಯೇ ಅಧಿಕಾರಿಗಳು ತಯಾರಿಸಿಟ್ಟಿರುತ್ತಾರೆ. ಒಪ್ಪಿಗೆಯಾಗದ ಪದಗಳು ಚೌಕ ಕಂಸಗಳಲ್ಲಿ ಕೂತಿರುತ್ತವೆ. ಸಚಿವರು ಕೂರುವ ಹೊತ್ತಿಗೆ ಆ ಕಂಸಗಳು ಒಂದೆರಡಕ್ಕೆ ಇಳಿದಿರಬೇಕು. ಬಹಳಷ್ಟು ಉಳಿದಿದ್ದರೆ ನಡುರಾತ್ರಿಯ ಆತುರದಲ್ಲಿ ಪದಗಳು ಜಾರುತ್ತವೆ. ಶರ್ಮ್ ಅಲ್ ಶೇಖ್‌ನ ಆ ಸಾಲುಗಳು ಕರಡಿನ ದೋಷವಿರಬಹುದು ಎಂದು ಆಗಿನ ವಿದೇಶಾಂಗ ಕಾರ್ಯದರ್ಶಿ ಶಿವಶಂಕರ ಮೆನನ್ ಹೇಳಿದ್ದು ಆಗ ವರದಿಯಾಗಿತ್ತು.

ಹೀಗೆ ಸುಟ್ಟುಕೊಂಡ ಮೇಲೆ ದಿಲ್ಲಿ ಎಚ್ಚರದಿಂದಲೇ ಹೆಜ್ಜೆ ಇಟ್ಟಿತು. 2010ರ ಏಪ್ರಿಲ್‌ನಲ್ಲಿ ಥಿಂಪುವಿನಲ್ಲಿ ಇಬ್ಬರು ಪ್ರಧಾನಿಗಳು ಮತ್ತೆ ಭೇಟಿಯಾಗಿ, ವಿಶ್ವಾಸದ ಕೊರತೆ ನೀಗಿಸುವ ದಾರಿ ಹುಡುಕಲು ವಿದೇಶಾಂಗ ಸಚಿವರಿಗೆ ಹೇಳಿದರು. ಜೂನ್ ಕೊನೆಯಲ್ಲಿ ವಿದೇಶಾಂಗ ಕಾರ್ಯದರ್ಶಿ ನಿರುಪಮಾ ರಾವ್ ಇಸ್ಲಾಮಾಬಾದಿಗೆ ಹೋಗಿ ಅಲ್ಲಿನ ವಿದೇಶಾಂಗ ಕಾರ್ಯದರ್ಶಿ ಸಲ್ಮಾನ್ ಬಶೀರ್ ಅವರೊಂದಿಗೆ ಕೂತು ನೆಲ ಹದ ಮಾಡಿ ಬಂದರು. ಅದೇ ದಿನಗಳಲ್ಲಿ ಗೃಹ ಸಚಿವ ಪಿ. ಚಿದಂಬರಂ ಕೂಡ ಸಾರ್ಕ್ ಗೃಹ ಸಚಿವರ ಸಭೆಗೆಂದು ಅಲ್ಲಿಗೆ ಹೋಗಿ, ಮುಂಬೈ ದಾಳಿಯ ವಿಚಾರಣೆಯ ಪ್ರಶ್ನೆಯನ್ನು ನೇರವಾಗಿ ಎತ್ತಿದ್ದರು. ಕ್ರಮಬದ್ಧವಾಗಿ ನೋಡಿದರೆ ಸಿದ್ಧತೆಯಲ್ಲಿ ಕೊರತೆಯಿರಲಿಲ್ಲ.

ಹೋಗುವವರೂ ಹೊಸಬರಾಗಿರಲಿಲ್ಲ. ಮದ್ದೂರು ತಾಲ್ಲೂಕಿನ ಸೋಮನಹಳ್ಳಿಯಲ್ಲಿ 1932ರಲ್ಲಿ ಹುಟ್ಟಿದ ಕೃಷ್ಣ ಮೈಸೂರು, ಬೆಂಗಳೂರುಗಳಲ್ಲಿ ಓದಿ ಅಮೆರಿಕದಲ್ಲಿ ಕಾನೂನು ಕಲಿತವರು. ನಾಲ್ಕೂವರೆ ವರ್ಷಕ್ಕೂ ಹೆಚ್ಚು ಕಾಲ ಕರ್ನಾಟಕದ ಮುಖ್ಯಮಂತ್ರಿಯಾಗಿದ್ದವರು. 2000ದಲ್ಲಿ ಡಾ. ರಾಜ್‌ಕುಮಾರ್ ವೀರಪ್ಪನ್ ಸೆರೆಯಲ್ಲಿದ್ದ 108 ದಿನಗಳನ್ನು ಅವರು ನಿಭಾಯಿಸಿದ್ದನ್ನು ಕನ್ನಡಿಗರು ಮರೆತಿಲ್ಲ. ಎರಡು ರಾಜ್ಯ ಸರ್ಕಾರಗಳು ಒಂದೇ ಮಾತು ಆಡಬೇಕಿತ್ತು. ಯಾರಾದರೂ ಅವಸರದ ಒಂದು ಹೇಳಿಕೆ ಕೊಟ್ಟರೆ ಕಾಡಿನಲ್ಲಿ ಏನಾಗುವುದೋ ಎಂಬ ಭಯ ಇಡೀ ರಾಜ್ಯಕ್ಕಿತ್ತು. ಹಿಂದೆ ನಿಂತವರ ಮಾತು ಮುಂದೆ ಕೂತವರ ಕೈ ಕಟ್ಟಬಲ್ಲದು ಎಂಬುದನ್ನು ಆ ಮೂರೂವರೆ ತಿಂಗಳು ಕಂಡವರು ಅವರು.

ಇಸ್ಲಾಮಾಬಾದಿನಲ್ಲಿ ಆದದ್ದೂ ಅದೇ. ಮಾತುಕತೆಯ ಮುನ್ನಾದಿನ ದಿಲ್ಲಿಯ ಇಂಗ್ಲಿಷ್ ಪತ್ರಿಕೆಯಲ್ಲಿ ಗೃಹ ಕಾರ್ಯದರ್ಶಿ ಜಿ.ಕೆ. ಪಿಳ್ಳೈ ಅವರ ಮಾತುಗಳು ಪ್ರಕಟವಾದವು. ಮುಂಬೈ ದಾಳಿಯನ್ನು ಮೊದಲಿನಿಂದ ಕೊನೆಯವರೆಗೆ ನಿಯಂತ್ರಿಸಿದ್ದು ಪಾಕಿಸ್ತಾನದ ಗುಪ್ತಚರ ಸಂಸ್ಥೆ ಐಎಸ್‌ಐ ಎಂಬುದು ಅದರ ಸಾರ. ಆ ದಾಳಿಯ ಸಂಚಿನಲ್ಲಿ ಪಾಲ್ಗೊಂಡು ಷಿಕಾಗೋದಲ್ಲಿ ಸೆರೆಯಲ್ಲಿದ್ದ ಡೇವಿಡ್ ಹೆಡ್ಲಿಯನ್ನು ನಮ್ಮ ತನಿಖಾಧಿಕಾರಿಗಳು ಜೂನ್‌ನಲ್ಲಿ ಪ್ರಶ್ನಿಸಿ ಬಂದಿದ್ದರು. ಅದೇ ಆ ಮಾತಿನ ಬುಡ. ಮಾತು ಸುಳ್ಳೆಂದು ನಮ್ಮ ಸರ್ಕಾರದಲ್ಲಿ ಯಾರೂ ಹೇಳಲಿಲ್ಲ, ನಾನೂ ಹೇಳುವುದಿಲ್ಲ. ಆದರೆ ಅದೇ ಸಾಕ್ಷ್ಯವನ್ನು ಎದುರಿನವರ ಮುಂದಿಟ್ಟು ಉತ್ತರ ಕೇಳುವ ಹೊಣೆ ಹೊತ್ತ ಸಚಿವರು ಅಲ್ಲಿ ಮೇಜಿಗೆ ಕೂರುವ ಹೊತ್ತಿಗೆ ಅದು ಇಲ್ಲಿ ಪತ್ರಿಕೆಯ ತಲೆಬರಹವಾಗಿತ್ತು. ಹೆಣ್ಣು ಕೇಳಲು ಹಿರಿಯರನ್ನು ಕಳಿಸಿ, ಅವರು ಜಗಲಿ ಹತ್ತುವಷ್ಟರಲ್ಲಿ ಮನೆಯ ಇನ್ನೊಬ್ಬರು ಬೀದಿಯಲ್ಲಿ ನಿಂತು ಆ ಮನೆಯ ಹುಳುಕು ಸಾರಿದರೆ ಒಳಗೆ ಕೂತವರ ಪಾಡೇನು?

ದಿನದ ಮಾತುಕತೆ ನಿಗದಿಗಿಂತ ಬಹಳ ಲಂಬಿಸಿತು. ಪಾಕಿಸ್ತಾನಕ್ಕೆ ಕಾಶ್ಮೀರ, ಸಿಯಾಚಿನ್, ಶಾಂತಿ ಮತ್ತು ಭದ್ರತೆ ಕುರಿತ ಮಾತುಕತೆಗೆ ವೇಳಾಪಟ್ಟಿ ಬೇಕಿತ್ತು. ಭಾರತಕ್ಕೆ ಮುಂಬೈ ದಾಳಿಕೋರರ ವಿಚಾರಣೆ ಮುಂದೆ ಸಾಗಬೇಕಿತ್ತು, ಉಳಿದದ್ದು ಹಂತ ಹಂತವಾಗಿ. ಕಂಸಗಳು ಅಳಿಯಲಿಲ್ಲ. ಸಚಿವರಿಬ್ಬರ ಪತ್ರಿಕಾಗೋಷ್ಠಿ ಗಂಟೆಗಟ್ಟಲೆ ತಡವಾಗಿ ರಾತ್ರಿ ಶುರುವಾಯಿತು. ಅಲ್ಲಿ ಪಿಳ್ಳೈ ಅವರ ಹೇಳಿಕೆಯ ಪ್ರಶ್ನೆ ಬಂದಾಗ ಪಾಕಿಸ್ತಾನದ ಸಚಿವ ಶಾ ಮಹಮೂದ್ ಖುರೇಷಿ ಅದನ್ನು ಭಯೋತ್ಪಾದಕ ಹಫೀಜ್ ಸಯೀದನ ಭಾಷಣಗಳ ಪಕ್ಕದಲ್ಲಿಟ್ಟು ಮಾತನಾಡಿದರು. ಕೃಷ್ಣ ಆ ಕ್ಷಣದಲ್ಲಿ ಪ್ರತಿ ಮಾತಾಡಲಿಲ್ಲ. ಮರುದಿನ ಖುರೇಷಿ ಇನ್ನೊಂದು ಹೆಜ್ಜೆ ಮುಂದೆ ಹೋದರು: ಭಾರತದ ಸಚಿವರು ಸಿದ್ಧರಾಗಿ ಬಂದಿರಲಿಲ್ಲ, ಮಾತುಕತೆಯ ನಡುನಡುವೆ ದಿಲ್ಲಿಯಿಂದ ಫೋನಿನಲ್ಲಿ ಸೂಚನೆ ಬರುತ್ತಿತ್ತು ಎಂದರು. ಕೃಷ್ಣ ಅದನ್ನು ಸ್ಪಷ್ಟವಾಗಿ ನಿರಾಕರಿಸಿದರು.

ಆ ಮೌನಕ್ಕಾಗಿ ದಿಲ್ಲಿಯಲ್ಲಿ ಕೃಷ್ಣ ಅವರನ್ನು ಬಹಳ ಟೀಕಿಸಿದರು. ಭಾರತದ ಗೃಹ ಕಾರ್ಯದರ್ಶಿಯನ್ನು ಒಬ್ಬ ಭಯೋತ್ಪಾದಕನೊಡನೆ ಹೋಲಿಸಿದಾಗ ಅಲ್ಲೇ ಒಂದು ವಾಕ್ಯದ ಪ್ರತಿಭಟನೆ ದಾಖಲಾಗಬೇಕಿತ್ತು ಎಂಬುದನ್ನು ನಾನು ಒಪ್ಪುತ್ತೇನೆ. ಅದು ಎರಡನೆಯ ಕಟ್ಟಿನಲ್ಲಿ, ಅವರು ಎತ್ತಿದರೆ ಹೇಳಬೇಕಾದ ಮಾತುಗಳಲ್ಲಿ, ಮೊದಲ ಪುಟದಲ್ಲೇ ಇರಬೇಕಿದ್ದ ವಾಕ್ಯ. ಆದರೆ ಅಂಥ ವಾಕ್ಯ ಬರೆಯಬೇಕಾದರೆ ಸರ್ಕಾರ ತನ್ನ ಅಧಿಕಾರಿಯ ಮಾತಿನ ಬಗ್ಗೆ ತಾನು ಏನು ಹೇಳುತ್ತದೆ ಎಂದು ಮೊದಲು ನಿಶ್ಚಯಿಸಬೇಕು. ಒಂದು ರಾತ್ರಿಯೊಳಗೆ, ಎರಡು ಸಚಿವಾಲಯಗಳು ಬೇರೆಬೇರೆ ದಿಕ್ಕಿಗೆ ಮುಖ ಮಾಡಿ ನಿಂತಾಗ, ಯಾವ ಡೆಸ್ಕ್ ಅಧಿಕಾರಿ ಅದನ್ನು ಬರೆದುಕೊಡಬಲ್ಲ? ಕೆಲ ದಿನಗಳ ನಂತರ ಕೃಷ್ಣ ಅವರೇ ಬಹಿರಂಗವಾಗಿ, ತಾವು ಮರಳುವವರೆಗೆ ಗೃಹ ಕಾರ್ಯದರ್ಶಿ ಕಾಯಬಹುದಿತ್ತು ಎಂಬ ಅರ್ಥದಲ್ಲಿ ಮಾತನಾಡಿದರು. ಅವರ ಸ್ವಭಾವ ಬಲ್ಲವರಿಗೆ ಅದು ಎಷ್ಟು ನೊಂದ ಮಾತು ಎಂದು ತಿಳಿಯುತ್ತದೆ.

ಫೋನಿನ ಮಾತನ್ನೂ ಸ್ವಲ್ಪ ಬಿಡಿಸಿ ನೋಡಬೇಕು. ಮಾತುಕತೆಯ ನಡುವೆ ರಾಜಧಾನಿಯನ್ನು ಕೇಳುವುದು ಅವಮಾನವಲ್ಲ. ಕರಡಿನ ಪದ ಬದಲಾದಾಗ ಎಲ್ಲ ದೇಶದ ನಿಯೋಗಗಳೂ ಕೇಳುತ್ತವೆ. ಖುರೇಷಿ ಅವರ ಬಾಣ ತಾಗಿದ್ದು ಬೇರೆ ಕಡೆ. ಎದುರಿಗೆ ಕೂತ ಸಚಿವರ ಮಾತೇ ಸರ್ಕಾರದ ಮಾತೋ ಅಲ್ಲವೋ ಎಂಬ ಅನುಮಾನವನ್ನು ಅವರು ಜಗತ್ತಿನ ಮುಂದಿಟ್ಟರು. ಅಂಥ ಅನುಮಾನಕ್ಕೆ ಜಾಗ ಒದಗಿದ್ದು ನಮ್ಮ ಕಡೆಯಿಂದಲೇ, ಹಿಂದಿನ ದಿನದ ಪತ್ರಿಕೆಯ ಮೂಲಕ. ಸಚಿವರಿಗೆ ಕೊಡುವ ಎಲ್ಲಕ್ಕಿಂತ ದೊಡ್ಡ ಬ್ರೀಫ್ ಎಂದರೆ, ಅವರ ಬೆನ್ನ ಹಿಂದೆ ಇನ್ನಾರೂ ಬೇರೆ ಮಾತಾಡುವುದಿಲ್ಲ ಎಂಬ ಭರವಸೆ. ಅದನ್ನು ಕಿರಿಯ ಅಧಿಕಾರಿ ಟೈಪ್ ಮಾಡಿ ಫೋಲ್ಡರಿಗೆ ಹಾಕಲಾರ. ಪ್ರಧಾನಿ ಕಾರ್ಯಾಲಯ, ಸಂಪುಟ, ಗೃಹ, ರಕ್ಷಣೆ ಇವೆಲ್ಲ ಕೂತು ಮೊದಲೇ ಒಪ್ಪಬೇಕು. ಭೇಟಿಯ ವಾರದಲ್ಲಿ ಯಾರು ಮಾತಾಡಬೇಕು, ಯಾರು ಸುಮ್ಮನಿರಬೇಕು ಎಂಬುದೂ ಆ ಒಪ್ಪಂದದ ಭಾಗ.

ಮನೆ ಒಂದಾಗಿದ್ದರೂ ಕೈಮೀರುವ ಸಂಗತಿಗಳಿವೆ. 1979ರ ಫೆಬ್ರುವರಿಯಲ್ಲಿ ವಾಜಪೇಯಿ ವಿದೇಶಾಂಗ ಸಚಿವರಾಗಿ ಚೀನಾಕ್ಕೆ ಹೋದದ್ದು 1962ರ ಯುದ್ಧದ ನಂತರದ ಮೊದಲ ಉನ್ನತ ಮಟ್ಟದ ಭೇಟಿ. ಹಿಂದಿನ ವರ್ಷ ಚೀನಾದ ಸದ್ಭಾವನಾ ನಿಯೋಗವೊಂದು ಬಂದು ಆಹ್ವಾನ ಕೊಟ್ಟಿತ್ತು. 1978ರ ಕೊನೆಯಲ್ಲಿ ನಡೆಯಬೇಕಿದ್ದ ಪ್ರಯಾಣ ವಾಜಪೇಯಿ ಅವರ ಅನಾರೋಗ್ಯದಿಂದ ಮುಂದೆ ಹೋಯಿತು. ಬೀಜಿಂಗಿನಲ್ಲಿ ದೆಂಗ್ ಷಿಯಾವೋಪಿಂಗ್ ಅವರೊಂದಿಗೆ ಗಡಿಯ ಮಾತೂ ಆಯಿತು. ಆದರೆ ಫೆಬ್ರುವರಿ 17ರಂದು, ಭಾರತದ ಸಚಿವರು ಹಾಂಗ್‌ಝೌ ನಗರದಲ್ಲಿದ್ದಾಗ, ಚೀನಾದ ಸೇನೆ ವಿಯೆಟ್ನಾಮಿನ ಮೇಲೆ ನುಗ್ಗಿತು. ವಿಯೆಟ್ನಾಂ ನಮ್ಮ ಆಪ್ತ ದೇಶ. ಅತಿಥಿಯಾಗಿ ಕೂತಿರುವಾಗಲೇ ಆತಿಥೇಯರು ಗೆಳೆಯನ ಮೇಲೆ ಯುದ್ಧ ಸಾರಿದರೆ ಉಳಿದ ಕಾರ್ಯಕ್ರಮಕ್ಕೆ ಅರ್ಥವಿರುವುದಿಲ್ಲ; ವಾಜಪೇಯಿ ಭೇಟಿ ಮೊಟಕುಗೊಳಿಸಿ ಮರಳಿದರು.

ಇಂಥದ್ದಕ್ಕೆ ಯಾವ ಫೋಲ್ಡರಿನಲ್ಲೂ ಪುಟವಿರುವುದಿಲ್ಲ. ಆದರೂ ಆ ಭೇಟಿ ಪೂರ್ತಿ ವ್ಯರ್ಥವಾಗಲಿಲ್ಲ. ಕೈಲಾಸ ಮಾನಸ ಸರೋವರ ಯಾತ್ರೆಗೆ ಮತ್ತೆ ದಾರಿ ಬಿಡಬೇಕೆಂದು ವಾಜಪೇಯಿ ಅಲ್ಲಿ ಕೇಳಿದ್ದರು. 1981ರಲ್ಲಿ ಚೀನಾದ ವಿದೇಶಾಂಗ ಸಚಿವ ಹುವಾಂಗ್ ಹುವಾ ದಿಲ್ಲಿಗೆ ಬಂದ ವರ್ಷ ಯಾತ್ರೆ ಮತ್ತೆ ಶುರುವಾಯಿತು. ಆ ಹೊತ್ತಿಗೆ ವಾಜಪೇಯಿ ಸಚಿವರಾಗಿರಲಿಲ್ಲ, ಅವರ ಸರ್ಕಾರವೂ ಇರಲಿಲ್ಲ. ದೊಡ್ಡ ತಂಟೆಗಳ ಪಟ್ಟಿಯ ಕೊನೆಯಲ್ಲಿ ಸಾಮಾನ್ಯ ಜನರಿಗೆ ಬೇಕಾದ ಒಂದು ಪುಟ್ಟ ಬೇಡಿಕೆಯನ್ನು ಸೇರಿಸುವ ಅಧಿಕಾರಿಯ ಬಗ್ಗೆ ನನಗೆ ತುಂಬು ಗೌರವವಿದೆ. ಯುದ್ಧ, ಚುನಾವಣೆ, ಸರ್ಕಾರದ ಪತನ ಇವೆಲ್ಲವನ್ನೂ ದಾಟಿ ಬದುಕುವುದು ಅನೇಕ ಸಲ ಅದೊಂದೇ.

ಇಸ್ಲಾಮಾಬಾದಿನ ಆ ಜುಲೈ ನಂತರ ದಿಲ್ಲಿ ಏನು ಮಾಡಿತು ಎಂಬುದನ್ನು ನಮ್ಮ ಪತ್ರಿಕೆಗಳು ಅಷ್ಟಾಗಿ ಬರೆಯಲಿಲ್ಲ. ಸದ್ದಿಲ್ಲದ ಕೆಲಸಕ್ಕೆ ಜಾಗ ಸಿಗುವುದು ಕಷ್ಟ. 2011ರ ಫೆಬ್ರುವರಿಯಲ್ಲಿ, ನ್ಯೂಯಾರ್ಕಿನ ಆ ಭಾಷಣದ ವಾರದಲ್ಲೇ, ನಿರುಪಮಾ ರಾವ್ ಮತ್ತು ಸಲ್ಮಾನ್ ಬಶೀರ್ ಥಿಂಪುವಿನಲ್ಲಿ ಕೂತು ಮಾತುಕತೆಯನ್ನು ಮತ್ತೆ ಶುರುಮಾಡಲು ಒಪ್ಪಿದರು. ಈ ಸಲ ಕ್ರಮ ಬೇರೆ. ಮೊದಲು ಕಾರ್ಯದರ್ಶಿಗಳು, ಸಚಿವರು ಕೊನೆಗೆ. ಮಾರ್ಚ್ ಕೊನೆಯಲ್ಲಿ ದಿಲ್ಲಿಯಲ್ಲಿ ಗೃಹ ಕಾರ್ಯದರ್ಶಿಗಳು ಭೇಟಿಯಾದರು. ಭಾರತದ ಕಡೆ ಕೂತವರು ಅದೇ ಜಿ.ಕೆ. ಪಿಳ್ಳೈ. ಹಿಂದಿನ ವರ್ಷ ಹೊರಗಿನಿಂದ ಬಂದ ಮಾತು ಈ ವರ್ಷ ಮೇಜಿನ ಮೇಲಿನ ಮಾತಾಯಿತು. ಮುಂಬೈ ದಾಳಿಯ ತನಿಖೆಯ ಪ್ರಶ್ನೆಯನ್ನು ಗೃಹ ಸಚಿವಾಲಯವೇ ನೇರವಾಗಿ ಎತ್ತಿತು. ನನಗೆ ಇಡೀ ಪ್ರಕರಣದಲ್ಲಿ ಬಹಳ ಹಿಡಿಸಿದ್ದು ಈ ಬದಲಾವಣೆ. ಭಿನ್ನ ದನಿಯಾಗಿ ಕೇಳಿಸಿದವರನ್ನು ಸುಮ್ಮನಾಗಿಸುವುದರ ಬದಲು ಅವರನ್ನೇ ಮಾತುಕತೆಯ ಒಳಗೆ ತಂದು ಕೂರಿಸಲಾಯಿತು. ಏಪ್ರಿಲ್‌ನಲ್ಲಿ ವಾಣಿಜ್ಯ ಕಾರ್ಯದರ್ಶಿಗಳು, ಮೇ ಕೊನೆಯಲ್ಲಿ ಸಿಯಾಚಿನ್ ಕುರಿತು ರಕ್ಷಣಾ ಕಾರ್ಯದರ್ಶಿಗಳು, ಜೂನ್‌ನಲ್ಲಿ ವಿದೇಶಾಂಗ ಕಾರ್ಯದರ್ಶಿಗಳು. ಅದಾದ ಮೇಲೆ ಜುಲೈ 27ರಂದು ಪಾಕಿಸ್ತಾನದ ಹೊಸ ವಿದೇಶಾಂಗ ಸಚಿವೆ ಹಿನಾ ರಬ್ಬಾನಿ ಖರ್ ದಿಲ್ಲಿಯಲ್ಲಿ ಮಾತುಕತೆಗೆ ಕೂತರು.

ಆ ದಿನ ಪತ್ರಿಕಾಗೋಷ್ಠಿ ಸಿಡಿಯಲಿಲ್ಲ. ಜಂಟಿ ಹೇಳಿಕೆ ಹೊರಬಂತು. ಕಾಶ್ಮೀರದ ನಿಯಂತ್ರಣ ರೇಖೆಯ ಆಚೀಚೆ ನಡೆಯುತ್ತಿದ್ದ ವ್ಯಾಪಾರವನ್ನು ವಾರಕ್ಕೆ ಎರಡು ದಿನದಿಂದ ನಾಲ್ಕು ದಿನಕ್ಕೆ ಏರಿಸುವ ತೀರ್ಮಾನ ಅದರಲ್ಲಿತ್ತು. ಖರ್ ಕಾಶ್ಮೀರದ ಪ್ರತ್ಯೇಕತಾವಾದಿ ಹುರಿಯತ್ ನಾಯಕರನ್ನು ದಿಲ್ಲಿಯಲ್ಲಿ ಭೇಟಿಯಾದದ್ದು ನಮಗೆ ಹಿಡಿಸಲಿಲ್ಲ, ಅದನ್ನು ಹೇಳಿಯೂ ಆಯಿತು, ಮಾತು ಮುರಿಯಲಿಲ್ಲ. ಹಿಂದಿನ ವರ್ಷದ ಕೃಷ್ಣರೇ ಇವರು. ಬದಲಾಗಿದ್ದು ಅವರ ಹಿಂದೆ ನಿಂತವರ ಸಾಲು.

ವೀಸಾದ ವಿಷಯದಲ್ಲಿ ಈ ಸಿದ್ಧತೆಯ ಫಲ ಇನ್ನೂ ಸ್ಪಷ್ಟವಾಗಿ ಕಾಣಿಸಿತು. ಎರಡು ದೇಶಗಳ ನಡುವೆ ಓಡಾಡಲು 1974ರ ವೀಸಾ ಒಪ್ಪಂದವೇ ನಡೆದುಕೊಂಡು ಬಂದಿತ್ತು. ಅದನ್ನು ಸಡಿಲಗೊಳಿಸುವ ಕರಡನ್ನು ಗೃಹ ಸಚಿವಾಲಯಗಳ ಅಧಿಕಾರಿಗಳು ಪದ ಪದ ಕೂತು ಸಿದ್ಧಮಾಡಿದರು. ಇಂಥ ಒಪ್ಪಂದಕ್ಕೆ ನಮ್ಮಲ್ಲಿ ಸಂಪುಟದ ಒಪ್ಪಿಗೆ ಬೇಕು. ಸಂಪುಟ ಒಪ್ಪಿತೆಂದರೆ ಎಲ್ಲ ಸಚಿವಾಲಯಗಳೂ ಒಪ್ಪಿದಂತೆಯೇ. 2012ರ ಮೇ ತಿಂಗಳಲ್ಲಿ ಇಸ್ಲಾಮಾಬಾದಿನಲ್ಲಿ ಗೃಹ ಕಾರ್ಯದರ್ಶಿಗಳ ಮಟ್ಟದಲ್ಲೇ ಸಹಿ ಹಾಕಲು ಭಾರತ ತಯಾರಿತ್ತು. ಕೊನೆ ಗಳಿಗೆಯಲ್ಲಿ ಪಾಕಿಸ್ತಾನ, ರಾಜಕೀಯ ಮಟ್ಟದಲ್ಲಿ ಆಗಲಿ ಎಂದಿತು. ದಿಲ್ಲಿ ಅದನ್ನು ಜಗಳ ಮಾಡಿಕೊಳ್ಳದೆ ಕಾಯಿತು.

ಸೆಪ್ಟೆಂಬರ್ 7ರಂದು ಕೃಷ್ಣ ಮತ್ತೆ ಇಸ್ಲಾಮಾಬಾದಿಗೆ ಹೊರಟಾಗ ಅವರ ಕೈಯಲ್ಲಿ ಸಹಿಗೆ ಸಿದ್ಧವಾದ ಕಾಗದ ಇತ್ತು. ವಿದೇಶಾಂಗ ಕಾರ್ಯದರ್ಶಿ ರಂಜನ್ ಮಥಾಯಿ ಪಾಕಿಸ್ತಾನದ ಜಲೀಲ್ ಅಬ್ಬಾಸ್ ಜಿಲಾನಿ ಅವರೊಂದಿಗೆ ಮೊದಲೇ ಕೂತು ಹೇಳಿಕೆಯ ಕರಡು ಮುಗಿಸಿದ್ದರು. ಮರುದಿನ ಕೃಷ್ಣ ಮತ್ತು ಪಾಕಿಸ್ತಾನದ ಗೃಹ ಸಚಿವ ರೆಹಮಾನ್ ಮಲಿಕ್ ವೀಸಾ ಒಪ್ಪಂದಕ್ಕೆ ಸಹಿ ಹಾಕಿದರು. ಅರ್ಜಿಯನ್ನು 45 ದಿನಗಳೊಳಗೆ ತೀರ್ಮಾನಿಸಬೇಕು, ಭೇಟಿ ಕೊಡಬಹುದಾದ ಊರುಗಳು ಮೂರರಿಂದ ಐದಕ್ಕೆ ಏರಬೇಕು, ಗುಂಪು ಪ್ರವಾಸಿಗರಿಗೆ ಬೇರೆ ವೀಸಾ ಬೇಕು ಎಂಬಂಥ ಷರತ್ತುಗಳು ಅದರಲ್ಲಿದ್ದವು. ಮತ್ತೊಂದು ಸಾಲು: 65 ವರ್ಷ ದಾಟಿದವರಿಗೆ ಅಟ್ಟಾರಿ-ವಾಘಾ ಗಡಿಯಲ್ಲೇ, ಬಂದಿಳಿದ ಕೂಡಲೇ, 45 ದಿನದ ವೀಸಾ.

ಆ ವಯಸ್ಸನ್ನು ನಾನು ಲೆಕ್ಕ ಹಾಕಿ ನೋಡಿದೆ. 2012ರಲ್ಲಿ 65 ದಾಟಿದವರೆಂದರೆ ದೇಶ ಇಬ್ಭಾಗವಾಗುವ ಮುನ್ನ ಹುಟ್ಟಿದವರು. ಲಾಹೋರಿನಲ್ಲಿ ಹುಟ್ಟಿ ದಿಲ್ಲಿಯಲ್ಲಿ ಮುದುಕರಾದವರು, ಅಮೃತಸರದಲ್ಲಿ ಹುಟ್ಟಿ ರಾವಲ್ಪಿಂಡಿಯಲ್ಲಿ ಮುದುಕರಾದವರು. ತಾವು ಹುಟ್ಟಿದ ಬೀದಿ ನೋಡಲು ಅವರಿಗೆ ಪೊಲೀಸ್ ವರದಿ, ದೂತಾವಾಸದ ಸಾಲು ಯಾವುದೂ ಬೇಡ, ಗಡಿಗೆ ನಡೆದು ಬಂದರೆ ಸಾಕು ಎಂಬುದು ಆ ಸಾಲಿನ ಅರ್ಥ. ಸಹಿ ಹಾಕಿದ ಕೃಷ್ಣ ಅವರಿಗೂ ಆಗ 80 ವರ್ಷ. ಯಾವ ಅಧಿಕಾರಿ ಆ ಸಂಖ್ಯೆ ಬರೆದರೋ ಅವರ ಹೆಸರು ದಾಖಲೆಯಲ್ಲಿ ಇರುವುದಿಲ್ಲ.

ಅಕ್ಟೋಬರ್ 26ರಂದು ಕೃಷ್ಣ ರಾಜೀನಾಮೆ ಕೊಟ್ಟು ಕರ್ನಾಟಕಕ್ಕೆ ಮರಳಿದರು. ಡಿಸೆಂಬರ್ ಮಧ್ಯದಲ್ಲಿ ರೆಹಮಾನ್ ಮಲಿಕ್ ದಿಲ್ಲಿಗೆ ಬಂದಾಗ ಹೊಸ ವೀಸಾ ವ್ಯವಸ್ಥೆಗೆ ಚಾಲನೆ ಸಿಕ್ಕಿತು. ಹಿರಿಯರಿಗೆ ಗಡಿಯಲ್ಲೇ ವೀಸಾ ಕೊಡುವ ಏರ್ಪಾಡು 2013ರ ಜನವರಿ 15ರಂದು ಶುರುವಾಗಬೇಕಿತ್ತು. ಜನವರಿ 8ರಂದು ನಿಯಂತ್ರಣ ರೇಖೆಯಲ್ಲಿ ನಮ್ಮ ಇಬ್ಬರು ಯೋಧರನ್ನು ಕೊಲ್ಲಲಾಯಿತು, ಒಬ್ಬರ ಶಿರಚ್ಛೇದವಾಗಿತ್ತು. ದೇಶ ಕುದಿಯಿತು. 15ರಂದೇ ಭಾರತ ಆ ಒಂದು ಏರ್ಪಾಡನ್ನು ತಡೆಹಿಡಿಯಿತು. ಒಪ್ಪಂದದ ಉಳಿದ ಭಾಗವನ್ನು ಮುರಿಯಲಿಲ್ಲ. ಕೋಪದ ಆ ವಾರದಲ್ಲೂ ಯಾವುದನ್ನು ನಿಲ್ಲಿಸಬೇಕು, ಯಾವುದನ್ನು ಬಿಡಬೇಕು ಎಂದು ದಿಲ್ಲಿ ಬಿಡಿಬಿಡಿಯಾಗಿ ತೀರ್ಮಾನಿಸಬಲ್ಲದಾಗಿತ್ತು.